ಅಕ್ಕೋರ ಕೋಣ

ಒಂದೇ ವಾರದಲ್ಲಿ ಎರಡು ಫೋನ್ ಬಂದವು. ಎರಡೂ ಒಂದೇ ಹಳೆಯ ಸೈಕಲ್ಲಿನ ಬಗ್ಗೆ.

ಮೊದಲನೆಯದು ಹುಬ್ಬಳ್ಳಿಯಿಂದ. ಹಳೇ ಮೌಂಟೇನ್ ಬೈಕುಗಳನ್ನು ಹುಡುಕಿ ಕೂಡಿಡುವ ಹುಚ್ಚಿನವರೊಬ್ಬರು, ಸಿರಸಿಯ ನನ್ನ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಅಂಥದ್ದೊಂದು ಗೋಡೆಗೆ ತೂಗುತ್ತಿದೆಯೆಂದು ಯಾರಿಂದಲೋ ಕೇಳಿ ಫೋನ್ ಮಾಡಿದ್ದರು. "ತೊಳೀಬ್ಯಾಡ್ರಿ, ಎಣ್ಣಿ ಹಚ್ಚಬ್ಯಾಡ್ರಿ, ಇದ್ದಂಗ ಇರ್ಲಿ. ಬ್ರೇಕಿಂದು ಎರಡು ಫೋಟೋ ಹತ್ರದಿಂದ ತೆಗದು ಕಳಸ್ರಿ, ಸಾಕು" ಎಂದರು. ಅವರಿಗೆ ಹಳೆಯ ಬ್ರೇಕ್ ರಬ್ಬರು ಹಾಗೇ ಇದೆಯೋ ಇಲ್ಲವೋ ತಿಳಿಯಬೇಕಿತ್ತು. ಅವರು ಕೇಳಬಹುದಾಗಿದ್ದ ನೂರು ಪ್ರಶ್ನೆಗಳಲ್ಲಿ ಅದೊಂದಕ್ಕೆ ಮಾತ್ರ ಉತ್ತರ ಕೊಡಲು ನಾನು ಹೆದರುತ್ತಿದ್ದೆ.

ಎರಡನೆಯದು ಯಲ್ಲಾಪುರದಿಂದ, ಒಬ್ಬ ಹೆಂಗಸಿನ ಧ್ವನಿ. "ಮಾಸ್ತರ್ರ? ಆನು ಅಕ್ಕೋರ ತಂಗಿ ಮಗಳು. ದೊಡ್ಡಮ್ಮ ತೀರಿಹೋತು. ಕಾರ್ಯ ಎಲ್ಲ ಮುಗತ್ತು. ನಿಂಗಳ ನಂಬರ್ ಅದ್ರ ಡೈರಿಲಿ ಈಗ ಸಿಕ್ತು."

ನಾನು ಏನೋ ಹೇಳಿದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದನ್ನೇ ಹೇಳಿರಬೇಕು.

"ಅದ್ರ ಸಾಮಾನು ಹೇಳಿ ಹೆಚ್ಚು ಎಂತೂ ಇಲ್ಲೆ. ಎರಡು ಟ್ರಂಕು. ಮತ್ತೆ ಆ ಸೈಕಲ್ಲು. ನಿಂಗ ಓಡಿಸ್ತಾ ಇದ್ರೆ ನಿಂಗಳ ಹತ್ರವೇ ಇರ್ಲಿ, ದೊಡ್ಡಮ್ಮಂಗೂ ಅದೇ ಖುಷಿ. ಸುಮ್ನೆ ಬಿದ್ಕಂಡಿದ್ರೆ ಮನಿಗೆ ಕೊಟ್ಬಿಡಿ. ಓಡಿಸ್ತಾ ಇದ್ರ?"

"ಈಗ್ಲೂ ಓಡಿಸ್ತಾ ಇದ್ದೆ" ಎಂದೆ.

ಆ ಸೈಕಲ್ಲು ನನ್ನ ಕೈಗೆ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು, ಒಂದು ದಿನವೂ ಓಡಿಸಿಲ್ಲ.

ನಮ್ಮ ಕಡೆ ಶಾಲೆಯ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತಾರೆ. ಸಿದ್ದಾಪುರದ ಆಚೆ, ಕೋಲಸಿರ್ಸಿಯಿಂದ ಇನ್ನೂ ಒಳಗೆ, ಎರಡು ಕೋಣೆಯ ಒಂದು ಶಾಲೆಯಲ್ಲಿ ಅವರು ಅಕ್ಕೋರಾಗಿದ್ದರು. ಬಿಎ ಮುಗಿಸಿ, ಮುಂದೆ ಓದುವುದೋ ಬೇಡವೋ ತಿಳಿಯದೆ, ದೀಪಾವಳಿಯ ನಂತರ ಒಂದು ವರ್ಷದ ಮಟ್ಟಿಗೆ ನಾನು ಅಲ್ಲಿ ತಾತ್ಕಾಲಿಕ ಮಾಸ್ತರನಾಗಿ ಸೇರಿಕೊಂಡೆ. ಅವರಿಗಾಗ ನಲವತ್ತೈದು ದಾಟಿತ್ತು. ತೆಳ್ಳಗೆ, ಎತ್ತರಕ್ಕೆ ಇದ್ದರು. ಮುಖ ನೆನಪಿಸಿಕೊಳ್ಳಲು ಹೋದರೆ ನನಗೆ ಬರುವುದು ಬೆನ್ನು. ಸೀರೆಯ ನೆರಿಗೆ ಚೈನಿಗೆ ಸಿಗದಂತೆ ಬಲಗಾಲಿನ ಮೀನಖಂಡಕ್ಕೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು ಕಚ್ಚಿಸಿಕೊಂಡು, ದಪ್ಪ ಗಾಲಿಯ ಆ ಸೈಕಲ್ಲಿನ ಮೇಲೆ ಏರು ಹತ್ತುತ್ತಿರುವ ಬೆನ್ನು. ಶಾಲೆಗೆ ಬಂದ ಮೇಲೂ ಎಷ್ಟೋ ದಿನ ಕ್ಲಿಪ್ಪು ತೆಗೆಯಲು ಮರೆತು ಹಾಗೇ ಪಾಠ ಮಾಡುತ್ತಿದ್ದರು. ಮಕ್ಕಳು ನಗುತ್ತಿರಲಿಲ್ಲ. ಕ್ಲಿಪ್ಪೂ ಅಕ್ಕೋರ ಉಡುಪಿನ ಭಾಗ ಎಂದುಕೊಂಡಿದ್ದವು.

ಸೈಕಲ್ಲು ಬಂದದ್ದು ಮುಂಡಗೋಡದಿಂದ. ಅಲ್ಲಿನ ಟಿಬೆಟಿಯನ್ ಕ್ಯಾಂಪಿಗೆ ಸ್ವೆಟರ್ ತರಲು ಹೋದವರು, ಊರಿಗೆ ಮರಳುತ್ತಿದ್ದ ವಿದೇಶಿ ಮೇಷ್ಟ್ರೊಬ್ಬರು ಮಾರಲಿಟ್ಟಿದ್ದ ಅದನ್ನು ಕಂಡು, ಸ್ವೆಟರ್ ಬಿಟ್ಟು ಅದನ್ನು ತಂದರಂತೆ. ಹಾಗೆಂದು ಅವರೇ ಹೇಳಿದ್ದು. "ಸ್ವೆಟರ್ ಎಲ್ಲಿ ಅಕ್ಕೋರೆ?" ಎಂದು ಕೇಳಿದವರಿಗೆಲ್ಲ "ಇದನ್ನ ತುಳಿದ್ರೆ ಚಳಿ ಬತ್ತಿಲ್ಲೆ" ಎಂದರಂತೆ. ಕಪ್ಪು ಬಣ್ಣ, ಹದಿನೆಂಟು ಗೇರು, ಹ್ಯಾಂಡಲ್ಲಿನ ಎರಡೂ ತುದಿಗೆ ಮೇಲಕ್ಕೆ ಬಾಗಿದ ಕೊಂಬಿನಂಥ ಹಿಡಿಕೆ. ಸಿರಸಿಯಲ್ಲಿ ವೆಲ್ಡಿಂಗ್ ಮಾಡಿಸಿ ಹಿಂದೆ ಒಂದು ಕ್ಯಾರಿಯರ್ ಕೂರಿಸಿದ್ದರು. ಊರು ಅದಕ್ಕೆ ಕೋಣ ಎಂದು ಹೆಸರಿಟ್ಟಿತು. ಬಸ್ಸು ನಿಲ್ಲುವಲ್ಲಿ ಚಾ ಅಂಗಡಿ ಇಟ್ಟಿದ್ದ ನಾಯ್ಕರು ಒಂದು ದಿನ ನನ್ನ ಎದುರಿಗೇ ಕೆಣಕಿದರು.

"ಎಂತ ಅಕ್ಕೋರೆ, ಬೆಳಿಗ್ಗೆ ಬೆಳಿಗ್ಗೆ ಕೋಣ ಹತ್ಕಂಡು ಬಂದ್ರಿ. ಇವತ್ತು ಯಾರನ್ನ ಎಳ್ಕಂಡು ಹೋಗೂಕೆ?"

"ಪಟ್ಟಿ ಚೀಲದಲ್ಲೇ ಇದೆ ನಾಯ್ಕರೆ. ನಿಮ್ಮ ಹೆಸರು ಎಷ್ಟನೇದು ನೋಡ್ಲಾ?"

"ಬ್ಯಾಡ ಮಾರಾಯ್ರೆ, ಬ್ಯಾಡ. ಚಾ ಕುಡ್ದು ಹೋಗಿ, ನಾ ಕೊಟ್ಟದ್ದು ಅಂತ ಪಟ್ಟೀಲಿ ಬರ್ಕಣಿ."

ಅವರ ಪಾಠದ ಕ್ರಮ ನಾನು ಆಮೇಲೆ ಎಲ್ಲೂ ಕಾಣದ್ದು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಕಪ್ಪುಹಲಗೆಯ ನಡುವೆ ಒಂದು ಉದ್ದ ಗೆರೆ ಎಳೆಯುತ್ತಿದ್ದರು. ಎಡಕ್ಕೆ 'ಕಂಡದ್ದು', ಬಲಕ್ಕೆ 'ಕೇಳಿದ್ದು'. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಊರ ಸುದ್ದಿ ಹೇಳಬೇಕು. "ನಮ್ಮ ಗದ್ದೆಗೆ ರಾತ್ರಿ ಹಂದಿ ಬಂದಿತ್ತು ಅಕ್ಕೋರೆ." "ನೀ ಕಂಡ್ಯ?" "ಅಪ್ಪ ಹೇಳ್ದ." "ನೀ ಎಂತ ಕಂಡೆ?" "ಹೆಜ್ಜೆ ಕಂಡೆ." ಹೆಜ್ಜೆ ಎಡಕ್ಕೆ, ಹಂದಿ ಬಲಕ್ಕೆ. ಹತ್ತು ನಿಮಿಷದಲ್ಲಿ ಹಲಗೆ ತುಂಬುತ್ತಿತ್ತು, ಯಾವಾಗಲೂ ಬಲಗಡೆಯೇ ಹೆಚ್ಚು. ಆಮೇಲೆ ಎರಡನ್ನೂ ಓದಿಸಿ, ಬಲಗಡೆಯದನ್ನು ಮೊದಲು ಒರೆಸುತ್ತಿದ್ದರು.

ಒಂದು ದಿನ ಎರಡನೇ ಇಯತ್ತೆಯ ಹುಡುಗಿಯೊಬ್ಬಳು, ಸತ್ತುಹೋದ ತನ್ನ ಅಜ್ಜಿ ಬೆಳಗಿನ ಜಾವ ಬಂದು ಜಡೆ ಹಾಕಿದಳು ಎಂದಳು. ಯಾರೂ ನಗಲಿಲ್ಲ. ಅಕ್ಕೋರು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ 'ಅಜ್ಜಿ' ಎಂಬುದನ್ನು ಗೆರೆಯ ಮೇಲೆಯೇ ಬರೆದರು, ಅರ್ಧ ಅಕ್ಷರ ಆಚೆ, ಅರ್ಧ ಈಚೆ. ಸಂಜೆಯವರೆಗೂ ಒರೆಸಲಿಲ್ಲ. ಮುಂದೆ ನಾನು ಧಾರವಾಡಕ್ಕೆ ಹೋಗಿ ಮನಃಶಾಸ್ತ್ರ ಓದಿದೆ, ಒಂದು ಕಡೆ ನಿಲ್ಲದೆ ನಾಲ್ಕಾರು ಕಾಲೇಜು ಸುತ್ತಿದೆ, ನೆನಪನ್ನು ನಂಬಬೇಡಿ, ಅದು ಪ್ರತಿ ಸಲ ಹೊಸದಾಗಿ ಬರೆಯುವ ಚಿತ್ರ ಎಂದು ಹುಡುಗರಿಗೆ ಹೇಳಿಕೊಟ್ಟು ಸಂಬಳ ತೆಗೆದುಕೊಂಡೆ. ಆ ಹಲಗೆಯಲ್ಲಿ ಇರದಿದ್ದ ಯಾವ ಹೊಸ ಸಂಗತಿಯನ್ನು ಕಲಿತೆ ಎಂದು ಕೇಳಿದರೆ ತಡವರಿಸುತ್ತೇನೆ.

ಇನ್ನೊಂದು ಅಭ್ಯಾಸ, ಮೂಸಿ ನೋಡುವುದು. ಹೊಸ ಪುಸ್ತಕ, ಮಕ್ಕಳ ಒದ್ದೆ ಕೊಡೆ, ನನ್ನ ಬುತ್ತಿ, ಎಲ್ಲವನ್ನೂ. ಬಿಸಿಯೂಟದ ಅಕ್ಕಿ ಮೂಟೆಯ ಹತ್ತಿರ ಬಗ್ಗಿ, ಬಾಯಿ ಬಿಚ್ಚುವ ಮೊದಲೇ "ಹುಳ ಬಿದ್ದಿದ್ದು" ಎಂದುಬಿಡುತ್ತಿದ್ದರು. ಬಿಚ್ಚಿದರೆ ಹುಳ ಇರುತ್ತಿತ್ತು. "ಕಣ್ಣು ಕಿವಿ ಮೋಸ ಮಾಡ್ತು ತಮಾ. ಮೂಗು ಸುಳ್ಳು ಹೇಳ್ತಿಲ್ಲೆ" ಎಂದು ತಮ್ಮ ಮೂಗಿನ ತುದಿ ಮುಟ್ಟಿ ತೋರಿಸುತ್ತಿದ್ದರು. ಅದು ನನಗಾಗ ಬರೀ ತಮಾಷೆಯಾಗಿತ್ತು.

ಇನ್ನು ಎಣ್ಣೆಯ ವಿಷಯ ಬರೆಯಬೇಕು.

ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಕಬ್ಬಿಣಕ್ಕೆಲ್ಲ ಹೊನ್ನೆ ಎಣ್ಣೆ ಹಚ್ಚುತ್ತಾರೆ. ಕತ್ತಿ, ಗುದ್ದಲಿ, ಹಾರೆ, ಬಾಗಿಲಿನ ಚಿಲಕ, ಕೊನೆಗೆ ಸೈಕಲ್ಲು. ಹಚ್ಚದಿದ್ದರೆ ಆಷಾಢ ಮುಗಿಯುವಷ್ಟರಲ್ಲಿ ತುಕ್ಕು ತಿಂದು ಹಾಕುತ್ತದೆ. ಬಟ್ಟೆಚೂರನ್ನು ಎಣ್ಣೆಯಲ್ಲಿ ಅದ್ದಿ ಸೈಕಲ್ಲಿನ ಸರಳು, ಕಡ್ಡಿ, ರಿಮ್ಮಿನ ಪಕ್ಕ ಎಲ್ಲ ಒರೆಸುವುದು ನಾನು ಕಣ್ಣು ಬಿಟ್ಟಾಗಿನಿಂದ ಮಾಡಿದ ಕೆಲಸ. ಸಾದಾ ಸೈಕಲ್ಲಿಗೆ ಅದರಿಂದ ಏನೂ ಆಗುವುದಿಲ್ಲ. ಅದರ ಬ್ರೇಕ್ ರಬ್ಬರು ರಿಮ್ಮಿನ ಒಳಮೈಗೆ, ಕಡ್ಡಿಗಳಿರುವ ಕಡೆಯಿಂದ ಒತ್ತುತ್ತದೆ. ಅಕ್ಕೋರ ಕೋಣದ ರಬ್ಬರು ಹಾಗಲ್ಲ, ರಿಮ್ಮನ್ನು ಎರಡೂ ಪಕ್ಕದಿಂದ ಇಕ್ಕಳದ ಹಾಗೆ ಹಿಡಿಯುತ್ತಿತ್ತು. ಅದು ನನಗೆ ಗೊತ್ತಿತ್ತೇ? ದಿನಾ ನೋಡುತ್ತಿದ್ದೆ. ನೋಡುವುದಕ್ಕೂ ಗೊತ್ತಿರುವುದಕ್ಕೂ ಎಷ್ಟು ದೂರವೆಂದು ಈಗ ಪಾಠ ಮಾಡಬಲ್ಲೆ.

ಬೇಸಿಗೆ ರಜೆಗೆ ಅಕ್ಕೋರು ಬಸ್ಸಿನಲ್ಲಿ ಯಲ್ಲಾಪುರದ ತಂಗಿಯ ಮನೆಗೆ ಹೋಗಿದ್ದರು. ಸೈಕಲ್ಲು ಶಾಲೆಯ ಹಿಂದಿನ ಕೋಣೆಯಲ್ಲಿತ್ತು, ಕೀಲಿ ನನ್ನ ಹತ್ತಿರ. ಶಾಲೆ ಶುರುವಾಗುವ ಹಿಂದಿನ ದಿನ, ಅವರಿಗೆ ಖುಷಿಯಾಗಲೆಂದು, ಮನೆಯಿಂದ ಬಾಟಲಿಯಲ್ಲಿ ಹೊನ್ನೆ ಎಣ್ಣೆ ತಂದು ಕೋಣಕ್ಕೆ ಹಚ್ಚಿದೆ. ಇಷ್ಟು ಖಂಡಿತ. ಮುಂದಿನದು ನನ್ನಲ್ಲಿ ಎರಡಿದೆ. ಒಂದರಲ್ಲಿ, ಸರಳು ಚೈನು ಮುಗಿಸಿ ರಿಮ್ಮಿನ ಹತ್ತಿರ ಬಂದು ಬಟ್ಟೆ ಕೆಳಗಿಡುತ್ತೇನೆ. ಇನ್ನೊಂದರಲ್ಲಿ, ಗಾಲಿ ತಿರುಗಿಸುತ್ತ ಬಟ್ಟೆಯನ್ನು ರಿಮ್ಮಿನ ಪಕ್ಕಕ್ಕೆ ಹಿಡಿದಿದ್ದೇನೆ, ಬೆಳ್ಳಿಯ ಹಾಗೆ ಹೊಳೆಯುತ್ತದೆ, ಟಿಕ್ ಟಿಕ್ ಎಂದು ಗಾಲಿ ತಾನೇ ತಿರುಗುತ್ತಿದೆ. ಎರಡೂ ಸಮಾನವಾಗಿ ಸ್ಪಷ್ಟ. ಎರಡರಲ್ಲೂ ಹೊನ್ನೆ ಎಣ್ಣೆಯ ಘಾಟು ಇದೆ.

ಸಂಜೆ ಅಕ್ಕೋರು ಬಂದು, ಹೊಳೆಯುವ ಸೈಕಲ್ಲು ನೋಡಿ, "ಎಂತ ತಮಾ, ಕೋಣಕ್ಕೆ ಎಣ್ಣೆಸ್ನಾನ ಮಾಡ್ಸಿದ್ಯ?" ಎಂದರು. ಅವರ ಕೋಣೆ ಶಾಲೆಯಿಂದ ಏರಿನ ಮೇಲೆ. ಹತ್ತದೆ ನೂಕಿಕೊಂಡೇ ಹೋದರು. ಹಾಗಾಗಿ ಅವತ್ತು ಬ್ರೇಕು ಬೇಕಾಗಲಿಲ್ಲ.

ಮಾರನೇ ಬೆಳಿಗ್ಗೆ ತುಂತುರು. ಅಕ್ಕೋರು ಏರಿನಿಂದ ಇಳಿಯುತ್ತ, ಮೋರಿಯ ಹತ್ತಿರದ ತಿರುವಿನಲ್ಲಿ ನಿಲ್ಲದೆ ನೇರ ಹೋಗಿ ಕಟ್ಟೆಗೆ ಬಡಿದು ಆಚೆ ಗದ್ದೆಗೆ ಬಿದ್ದರು. ನಾನಿದನ್ನು ನೂರಾರು ಸಲ ನೋಡಿದ್ದೇನೆ. ಎರಡೂ ಬ್ರೇಕು ಒತ್ತಿ ಹಿಡಿದ ಬೆರಳು, ಕಾಲಿನ ಕ್ಲಿಪ್ಪು ಹಾರಿಹೋದದ್ದು, ಬಿದ್ದ ಮೇಲೂ ತಿರುಗುತ್ತಿದ್ದ ಗಾಲಿ. ಆದರೆ ನಾನು ಅಲ್ಲಿರಲೇ ಇಲ್ಲ. ಶಾಲೆಯಲ್ಲಿ ಘಂಟೆ ಬಾರಿಸುತ್ತಿದ್ದೆ. ಗದ್ದೆಯಲ್ಲಿದ್ದವರು ಓಡಿಬಂದು ಹೇಳಿದರು, ಜೀಪಿನಲ್ಲಿ ಸಿದ್ದಾಪುರಕ್ಕೆ ಸಾಗಿಸಿದರು. ತೊಡೆಯ ಮೂಳೆ ಮುರಿದಿತ್ತು. ಅವತ್ತು ಹಲಗೆಗೆ ಗೆರೆ ಎಳೆದವನು ನಾನು. ಹುಡುಗನೊಬ್ಬ ಎದ್ದು "ಅಕ್ಕೋರು ಬಿದ್ರು" ಎಂದ. ತರಗತಿಯಲ್ಲಿ ಕಂಡವರು ಯಾರೂ ಇರಲಿಲ್ಲ. ಬಲಗಡೆ ಬರೆದೆ.

ಊರು ತಲೆಗೊಂದು ಕಾರಣ ಹೇಳಿತು. ಸೀರೆ ಸಿಕ್ಕಿತು, ಪಾಚಿ ಜಾರಿತು, ಹೆಂಗಸರಿಗೆ ಆ ಸೈಕಲ್ಲು ಆಗುವುದಲ್ಲ. ಚಾ ಅಂಗಡಿಯ ನಾಯ್ಕರು ಮಾತ್ರ ಆಮೇಲೆ ಕೋಣ ಎಂಬ ಶಬ್ದ ಎತ್ತಲಿಲ್ಲ. ಅಕ್ಕೋರು ಯಾರು ಕೇಳಿದರೂ ಒಂದೇ ಮಾತು: "ಜಾರ್ತು." ನಾನು ಆಸ್ಪತ್ರೆಗೆ ಹೋದಾಗ, ಕೇಳದಿದ್ದರೂ ಅದನ್ನೇ ಹೇಳಿದರು.

ಮೂರು ತಿಂಗಳಾದ ಮೇಲೆ ಕೋಲು ಊರಿಕೊಂಡು ಶಾಲೆಗೆ ಬಂದರು. ಎಡಗಾಲು ಕೊನೆಯವರೆಗೂ ಸರಿಹೋಗಲಿಲ್ಲ. ನನ್ನ ಒಂದು ವರ್ಷ ಮುಗಿದು ನಾನು ಧಾರವಾಡಕ್ಕೆ ಹೊರಟ ದಿನ ಸೈಕಲ್ಲನ್ನು ಬಸ್ಸು ನಿಲ್ಲುವಲ್ಲಿಗೆ ತರಿಸಿದ್ದರು.

"ತಗ ತಮಾ. ಯಂಗೆ ಇನ್ನು ಇದು ಆಗ್ತಿಲ್ಲೆ. ನೀ ಓಡ್ಸು. ತೂಗ್ ಹಾಕದು ಬ್ಯಾಡ."

ಹಾಗೆಂದು ಎರಡೂ ಬ್ರೇಕನ್ನು ಒಂದೊಂದು ಸಲ ಒತ್ತಿ ನನ್ನ ಮುಖ ನೋಡಿದರು. ನಾನು ಬಸ್ಸು ಬರುವ ಕಡೆ ನೋಡಿದೆ. ಅವರ ಮುಖ ನನಗೆ ನೆನಪಿಲ್ಲದಿರುವುದು ಬಹುಶಃ ಆ ಕ್ಷಣದಿಂದಲೇ.

ಬಸ್ಸಿನ ಮೇಲೆ ಹಾಕಿಕೊಂಡು ತಂದ ಕೋಣಕ್ಕೆ ಹಳೆಯ ಹೊದಿಕೆ ಸುತ್ತಿ, ಹಗ್ಗ ಬಿಗಿದು, ತೂಗುಹಾಕಿದೆ. ಎಷ್ಟು ಮನೆ ಬದಲಿಸಿದರೂ ಹಾಗೇ ಹೊತ್ತು ತಂದು ಹಾಗೇ ತೂಗುಹಾಕಿದೆ. ಕೆಲವೊಮ್ಮೆ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಹೊದಿಕೆಯ ಒಳಗಿನಿಂದ ಹಿಂದಿನ ಗಾಲಿ ಎರಡು ಸಲ ಟಿಕ್ ಎನ್ನುತ್ತದೆ. ಗಾಳಿ, ಇಲಿ, ಕಬ್ಬಿಣ ಬಿಸಿಯಾಗಿ ತಣಿಯುವುದು, ಕಾರಣ ಬೇಕಾದಷ್ಟಿವೆ. ನಾನು ಪ್ರತಿ ಸಲವೂ ಒಂದು ಕಾರಣ ಆರಿಸಿಕೊಂಡು ಆ ಕೋಣೆಯ ಬಾಗಿಲು ಹಾಕುತ್ತೇನೆ.

ಎಲ್ಲದಕ್ಕೂ ಆಧಾರ ಕೇಳುವವನೆಂದು ಸ್ನೇಹಿತರ ನಡುವೆ ನನಗೆ ಹೆಸರಿದೆ. ಆಧಾರ ನನ್ನ ಗೋಡೆಯ ಮೇಲೆಯೇ ಇತ್ತು. ಹೊನ್ನೆ ಎಣ್ಣೆ ಕುಡಿದ ರಬ್ಬರು ಮೆತ್ತಗಾಗಿ ಕಪ್ಪಗೆ ಅಂಟಾಗುತ್ತದೆ. ಬಿಚ್ಚಿ ನೋಡಲು ಐದು ನಿಮಿಷ ಸಾಕಿತ್ತು.

ಪ್ರತಿ ದೀಪಾವಳಿಗೆ ಅಕ್ಕೋರು ಫೋನ್ ಮಾಡುತ್ತಿದ್ದರು. ಕ್ಷೇಮ ಸಮಾಚಾರವೆಲ್ಲ ಆದ ಮೇಲೆ ಕೊನೆಗೆ ಒಂದು ಪ್ರಶ್ನೆ. "ಕೋಣ ಹೆಂಗಿದ್ದು ತಮಾ? ಬ್ರೇಕ್ ಹಿಡೀತ?"

"ಹಿಡೀತು ಅಕ್ಕೋರೆ."

ಅಷ್ಟಕ್ಕೆ ಫೋನ್ ಇಡುತ್ತಿದ್ದರು. ಅದು ವಿಚಾರಣೆ ಎಂದುಕೊಂಡೆ. ಇವರಿಗೆ ಗೊತ್ತಿದೆ, ನಾನಾಗಿ ಒಪ್ಪಿಕೊಳ್ಳಲೆಂದು ವರ್ಷಕ್ಕೊಮ್ಮೆ ಚುಚ್ಚುತ್ತಾರೆ ಎಂದುಕೊಂಡೆ. ಕೆಲವು ವರ್ಷಗಳಿಂದ ದೀಪಾವಳಿಯ ದಿನ ಅವರ ಹೆಸರು ಮೂಡಿದರೆ ಫೋನ್ ಎತ್ತುತ್ತಿರಲಿಲ್ಲ. ಕಳೆದ ದೀಪಾವಳಿಗೆ ಮಾಡಿದ್ದರೋ ಇಲ್ಲವೋ ನೆನಪಿಲ್ಲ. ಈಗ ಹುಡುಕಿದರೆ ಫೋನಿನಲ್ಲೂ ಇಲ್ಲ.

ಎರಡೂ ಫೋನ್ ಬಂದ ಮೇಲೆ ಮೂರು ದಿನ ಲೆಕ್ಕಾಚಾರ ಹಾಕಿದೆ. ಹುಬ್ಬಳ್ಳಿಯವರಿಗೆ ಕೊಟ್ಟರೆ ಕಣ್ಣಿಂದ ದೂರ. ಯಲ್ಲಾಪುರಕ್ಕೆ ಕೊಟ್ಟರೆ ಓಡಿಸುತ್ತಿದ್ದೇನೆಂದ ಸುಳ್ಳು ಬಯಲು, ಮತ್ತು ಆ ಮನೆಯವರು ಇನ್ನೊಮ್ಮೆ ಅದೇ ರಬ್ಬರನ್ನು ನಂಬಿ ಇಳಿಜಾರು ಇಳಿಯುತ್ತಾರೆ. ಹಾಗೇ ಇಟ್ಟುಕೊಳ್ಳಬಹುದಿತ್ತು. ಆದರೆ ಕೇಳುವವರೇ ಹೋದ ಮೇಲೆ ಆ ಟಿಕ್ ಟಿಕ್ ಕೇಳುತ್ತ ಆ ಮನೆಯಲ್ಲಿರಲು ನನಗೆ ಧೈರ್ಯವಾಗಲಿಲ್ಲ. ಮೂರರಲ್ಲಿ ಯಾವುದಕ್ಕಾದರೂ ಮೊದಲು ಹಗ್ಗ ಬಿಚ್ಚಬೇಕು.

ಹೊದಿಕೆ ಸುತ್ತಿದ್ದ ಹಾಗೇ ಆಟೋದಲ್ಲಿ ಹಾಕಿಕೊಂಡು ಸೈಕಲ್ ರಿಪೇರಿ ಅಂಗಡಿಗೆ ಒಯ್ದೆ. ನಾನಾಗಿ ಬಿಚ್ಚಲಾರೆ ಎಂದು ಹೇಳಲು ನಾಚಿಕೆಯಾಗಿ, ಕೈ ನೋವು ಎಂದೆ. ಹಾನಗಲ್ ಕಡೆಯ ಮಿಸ್ತ್ರಿ ಹಗ್ಗ ಕತ್ತರಿಸಿ, ಹೊದಿಕೆ ಎಳೆದು, ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ನಾನು ರಸ್ತೆಯ ಕಡೆ ತಿರುಗಿ ನಿಂತೆ.

"ಟೈರು ಟ್ಯೂಬು ಹೋಗ್ಯಾವ್ರಿ ಸರ. ಬ್ರೇಕ್ ಮಾತ್ರ ಎಷ್ಟು ಚಂದ ಐತಿ ನೋಡ್ರಿಲ್ಲೆ."

"ಎಂತ?"

"ರಬ್ಬರ್ ಹೊಸಾದೈತ್ರಿ. ಮ್ಯಾಲಿನ ಅಚ್ಚಿನ ಚುಕ್ಕಿ ಸೈತ ಸವದಿಲ್ಲ. ವಯಸ್ಸಿಗೆ ಗಟ್ಟಿಯಾಗೈತಿ, ಅಷ್ಟ. ಇದನ್ನ ಹಾಕಿದ ಮ್ಯಾಲೆ ಯಾರೂ ಒಂದ ಸಲನೂ ಸೈಕಲ್ ಹೊಡದಿಲ್ರಿ."

ನಾನು ಬಗ್ಗಿ ನೋಡಿದೆ. ನಾಲ್ಕೂ ರಬ್ಬರು ಹೊಸತು. ರಿಮ್ಮಿನ ಪಕ್ಕ ಶುಭ್ರ. ನಾನು ಏನು ಮಾಡಿದ್ದೆ ಎಂಬುದಕ್ಕೆ ಅಲ್ಲಿ ಒಂದು ಚುಕ್ಕೆ ಗುರುತೂ ಇರಲಿಲ್ಲ.

ಅಂಗಡಿಯ ಮುಂದೆ ನಿಂತೇ ಯಲ್ಲಾಪುರಕ್ಕೆ ಫೋನ್ ಮಾಡಿದೆ. ಬ್ರೇಕ್ ರಬ್ಬರು ಯಾರು ಹಾಕಿಸಿದ್ದು, ನಿಮಗೇನಾದರೂ ಗೊತ್ತಿದೆಯೇ ಎಂದೆ.

"ಗೊತ್ತಿಲ್ದೆ ಎಂತ! ಆನೇ ಜೊತಿಗೆ ಹೋಗಿದ್ದೆ. ಆವಾಗ ಯಂಗೆ ಕಾಲೇಜು. ಆ ನಮೂನೆ ರಬ್ಬರು ಸಿರಸಿಲಿ ಸಿಗ್ತಿತ್ತಿಲ್ಲೆ. ಕೋಲು ಹಿಡ್ಕಂಡು ಹುಬ್ಬಳ್ಳಿವರೆಗೆ ಬಸ್ಸಲ್ಲಿ ಹೋಗಿ, ನಾಕು ಅಂಗಡಿ ತಿರುಗಿ ತಂದ್ವು. ಹಾಕ್ಸೂ ಮೊದ್ಲು ಗಾಲಿನ ಅಂಟುವಾಳ ನೀರಲ್ಲಿ ತೊಳ್ದಿದ್ದು ದೊಡ್ಡಮ್ಮನೇ. ಮೂರು ಸಲ. ಪ್ರತಿ ಸಲ ಮೂಸಿ ನೋಡದು, 'ಹೊನ್ನೆಣ್ಣೆ ವಾಸನೆ ಇನ್ನೂ ಇದ್ದು' ಹೇಳಿ ಮತ್ತೆ ತಿಕ್ಕದು. ಎಂತಕ್ಕೆ ದೊಡ್ಡಮ್ಮ ಇಷ್ಟು ತಿಕ್ತೆ ಅಂದ್ರೆ, 'ಇದನ್ನ ಇನ್ನು ಓಡ್ಸುವವ ಬೀಳಲಾಗ' ಅಂತು."

ಅದು ಕಂಡವರ ಮಾತು. ಆಕೆ ಜೊತೆಗಿದ್ದಳು. ನನ್ನ ಎರಡು ನೆನಪುಗಳಲ್ಲಿ ಬಟ್ಟೆ ಕೆಳಗಿಡುವುದು ಅಲ್ಲಿಗೆ ಸುಳ್ಳಾಯಿತು. ಗಾಲಿ ತಿರುಗುವುದು ಉಳಿಯಿತು.

ಅವರು ನನ್ನನ್ನು ಕ್ಷಮಿಸಿದ್ದರು ಎನ್ನಲು ನನ್ನಲ್ಲಿ ಆಧಾರವಿಲ್ಲ. ಅಂಥ ಮಾತು ಅವರ ಬಾಯಲ್ಲಿ ಬಂದಿಲ್ಲ. ನಾನು ಬೀಳಬಾರದು ಎಂದಿದ್ದರು, ಅಷ್ಟು ಗೊತ್ತು. ದೀಪಾವಳಿಗೆ ಕೇಳುತ್ತಿದ್ದ ಪ್ರಶ್ನೆ, ತಾವು ಮುರಿದ ಕಾಲಿನಲ್ಲಿ ಹೋಗಿ ತಂದು ಹಾಕಿಸಿದ ರಬ್ಬರು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆ. ನಾನು ಒಂದೇ ಒಂದು ಸಲವೂ ಒತ್ತಿ ನೋಡದೆ ಹಿಡಿಯುತ್ತದೆ ಎನ್ನುತ್ತಿದ್ದೆ.

ಮಿಸ್ತ್ರಿ ಹೊಸ ಟೈರು ಟ್ಯೂಬು ಹಾಕಿದ. ರಬ್ಬರನ್ನೂ ಬದಲಿಸುತ್ತೇನೆಂದಾಗ ಬೇಡ ಎಂದೆ. ಉಜ್ಜು ಕಾಗದದಿಂದ ಮೇಲಷ್ಟೇ ತಿಕ್ಕಿ ಕೊಟ್ಟ. ಭಾನುವಾರ ಗೆಳೆಯನ ಪಿಕಪ್ಪಿನಲ್ಲಿ ಹಾಕಿಕೊಂಡು ಆ ಶಾಲೆಯ ಊರಿಗೆ ಹೋದೆ. ಗೆಳೆಯನನ್ನು ಕೆಳಗೆ ಶಾಲೆಯ ಹತ್ತಿರ ನಿಲ್ಲಿಸಿ, ಕೋಣವನ್ನು ಏರಿನ ತುದಿಯವರೆಗೆ ನೂಕಿಕೊಂಡು ಹತ್ತಿದೆ. ಮಧ್ಯಾಹ್ನದ ಬಿಸಿಲು. ರಸ್ತೆಗೆ ಈಗ ಡಾಂಬರು ಬಿದ್ದಿದೆ. ಮೋರಿ ಮಾತ್ರ ನನ್ನ ತಲೆಯಲ್ಲಿದ್ದದ್ದಕ್ಕಿಂತ ಬಹಳ ಚಿಕ್ಕದು, ತಿರುವು ಎಡಕ್ಕಲ್ಲ, ಬಲಕ್ಕೆ. ಇಷ್ಟು ವರ್ಷ ಅಕ್ಕೋರನ್ನು ನಾನು ತಪ್ಪು ಕಡೆಗೆ ಬೀಳಿಸುತ್ತಿದ್ದೆ.

ಹತ್ತಿ ಕೂತು ಕಾಲು ಬಿಟ್ಟೆ. ಟಿಕ್ ಟಿಕ್ ಶುರುವಾಗಿ, ಬೇಗ ಬೇಗ ಆಗಿ, ಒಂದೇ ಸದ್ದಾಯಿತು. ಗಾಳಿ ಕಿವಿಯಲ್ಲಿ ತುಂಬಿತು. ಮೋರಿ ಎದುರಿಗೆ ಬಂತು. ಎರಡೂ ಕೈಯಿಂದ ಒತ್ತಿದೆ.

ಕಟ್ಟೆಗೆ ಒಂದು ಮಾರು ಇರುವಾಗ ನಿಂತೆ. ಕಾಲು ನೆಲಕ್ಕೆ ಊರಿ, ಯಲ್ಲಾಪುರಕ್ಕೆ ಫೋನ್ ಮಾಡಿದೆ.

"ಆನು ಅವತ್ತು ಸುಳ್ಳು ಹೇಳಿದ್ದೆ ತಂಗಿ. ಒಂದ್ ದಿನನೂ ಓಡ್ಸಿದ್ನಿಲ್ಲೆ. ಇವತ್ತೇ ಮೊದ್ಲು. ಆ ಹೊನ್ನೆಣ್ಣೆ ಹಚ್ಚಿದವನೂ ಆನೇ."

ಅವಳ ಹಿಂದೆ ಎಲ್ಲೋ ಅಡುಗೆಮನೆಯ ಪಾತ್ರೆಯ ಸದ್ದು ಕೇಳುತ್ತಿತ್ತು. ಆಮೇಲೆ ಹೇಳಿದಳು, "ಹಂಗಾರೆ ಮನಿಗೆ ಕೊಡಿ. ಗಾಡೀಲಿ ಹಾಕಿ ತರದು ಬ್ಯಾಡ. ಎಷ್ಟು ದಿನ ಆದ್ರೂ ಅಡ್ಡಿಲ್ಲೆ, ಓಡಿಸ್ಕ್ಯಂಡೇ ಬನ್ನಿ." ಮತ್ತೆ, ಅಕ್ಕೋರ ಹಾಗೆಯೇ ಕೊನೆಯಲ್ಲಿ ಕೇಳಿದಳು.

"ಬ್ರೇಕ್ ಹಿಡೀತ?"

"ಹಿಡೀತು" ಎಂದೆ.